ರಾಶೊಮೊನ್ ಚಿತ್ರವೂ ಕೂಟಸಾಕ್ಷ್ಯದ ಒಂಬತ್ತನೆಯ ಕಾರಣವೂ

೧. ಪ್ರಸ್ತಾವನೆ

ಪರದೇಶದ ಕೃತಿಯೊಂದು ನಮ್ಮವರ ಮನಸ್ಸಿನಲ್ಲಿ ನೆಲೆನಿಂತಿತೆಂದು ಹೇಳುವಾಗ ನಾವು ಎರಡು ಬೇರೆಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಅಡಕಮಾಡಿಬಿಡುವ ರೂಢಿಯುಂಟು. ಆ ಕೃತಿಯ ರೀತಿಯನ್ನು ಅನುಕರಿಸುವುದು ಒಂದು. ಆ ಕೃತಿಯು ಎಬ್ಬಿಸಿದ ಪ್ರಶ್ನೆಯನ್ನು ಹೊತ್ತುಕೊಂಡು ಬಾಳುವುದು ಮತ್ತೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವಂಥದು. ಅದನ್ನು ತೋರಿಸಿಕೊಡಲು ವಿಮರ್ಶಕನು ಬಹಳ ಶ್ರಮಪಡಬೇಕಾಗಿಲ್ಲ. ಎರಡನೆಯದು ಒಳಗಿನದು. ಅದನ್ನು ವೈಶೇಷಿಕರು ಭಾವನೆಯೆಂಬ ಸಂಸ್ಕಾರವೆಂದು ಕರೆದು, ಅದು ಮೂರು ಬಗೆಯಿಂದ ಹುಟ್ಟುವುದೆಂದು ಹೇಳಿರುವರು: ತೀವ್ರವಾದ ಒಂದೇ ಅನುಭವದಿಂದ, ಮತ್ತೆಮತ್ತೆ ಮಾಡಿದ ಅಭ್ಯಾಸದಿಂದ, ಆದರದಿಂದ. ವಿದ್ಯೆಯು ನಮಗೆ ಅಭ್ಯಾಸದಿಂದ ಬಂದಿತು. ದೇವರ ಮೂರ್ತಿಯು ಆದರದಿಂದ ಮನಸ್ಸಿನಲ್ಲಿ ನಿಂತಿತು. ಆದರೆ ಒಮ್ಮೆ ಮಾತ್ರ ಕಂಡು ಮೂವತ್ತು ವರ್ಷ ಮರೆಯದಿರುವ ವಸ್ತುವು ತೀವ್ರಾನುಭವದ ವರ್ಗಕ್ಕೆ ಸೇರಿದುದು. ನನ್ನ ಮಟ್ಟಿಗೆ ಅಂಥ ವಸ್ತುವೆಂದರೆ ಜಪಾನಿನ ಅಕಿರ ಕುರೊಸಾವನ 'ರಾಶೊಮೊನ್' ಎಂಬ ಚಲಚ್ಚಿತ್ರ.

ಕನ್ನಡದಲ್ಲಿ ಪರದೇಶದ ಚಿತ್ರಗಳು ಮೊಳೆತ ಬಗೆಗೆ ಪ್ರಸಿದ್ಧವಾದ ಎರಡು ನಿದರ್ಶನಗಳನ್ನು ಮೊದಲು ನೆನೆಯಬೇಕು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ವ್ಯಾಸಂಗಮಾಡುತ್ತಿದ್ದಾಗ, ತಮಗೆ ಮಾರ್ಗದರ್ಶಕರಾಗಿದ್ದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಸ್ವೀಡನ್ನಿನ ಬರ್ಗ್‌ಮನ್ನನ 'ಸೆವೆಂತ್ ಸೀಲ್' (೧೯೫೭) ಚಿತ್ರವನ್ನು, ಸಂಭಾಷಣೆಯ ಅನುವಾದವಿಲ್ಲದೆಯೇ, ನೋಡಿದುದು ತಮ್ಮ 'ಸಂಸ್ಕಾರ' (೧೯೬೫) ಕಾದಂಬರಿಗೆ ಪ್ರೇರಣೆಯಾಯಿತೆಂದು ತಾವೇ ಹೇಳಿಕೊಂಡಿರುವರು. ಎರಡರಲ್ಲಿಯೂ ಮಹಾಮಾರಿಯುಂಟು, ಆದರೆ ಚಿತ್ರದಲ್ಲಿ ಮೃತ್ಯುವಿನೊಡನೆ ಚದುರಂಗವಾಡುವ ಯೋಧನು ಕಾದಂಬರಿಯ ಅಗ್ರಹಾರಕ್ಕೆ ಕಾಲಿಡಲಿಲ್ಲ. ಇದು ಎರಡನೆಯ ಬಗೆಯ ಪ್ರಭಾವ. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (೧೯೭೮) ಚಿತ್ರವಾದರೋ ಕುರೊಸಾವನ ಸಮುರಾಯಿ ಚಿತ್ರಗಳಿಗೆ ಸಲ್ಲಿಸಿದ ಗೌರವವೆಂಬುದು ಸುವಿದಿತವೇ ಆಗಿದೆ; ಅಲ್ಲಿ ರೀತಿಯ ಋಣವೇ ಮೇಲುಗೈ. ಇವೆರಡರ ನಡುವೆ 'ರಾಶೊಮೊನ್' ಎಲ್ಲಿ ನಿಲ್ಲುತ್ತದೆ, ಅದರ ನಿಜವಾದ ಪರಿಣಾಮವೇನು, ನಮ್ಮವರು ಅದನ್ನು ಹೇಗೆ ಸ್ವೀಕರಿಸಿದರು ಎಂಬುದನ್ನು ನನ್ನ ಅಲ್ಪಮತಿಗೆ ತೋರಿದಂತೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨. ಚಿತ್ರದ ವಸ್ತು

'ರಾಶೊಮೊನ್' ಜಪಾನಿನಲ್ಲಿ ೧೯೫೦ರಲ್ಲಿ ತೆರೆಗೆ ಬಂದಿತು. ಮರುವರ್ಷ ವೆನಿಸ್ ಉತ್ಸವದ ಅತ್ಯುನ್ನತ ಪುರಸ್ಕಾರವನ್ನು ಪಡೆದು, ಜಪಾನಿನ ಚಿತ್ರಕಲೆಗೆ ಹೊರಜಗತ್ತಿನ ಬಾಗಿಲನ್ನು ತೆರೆಯಿತು. ೧೯೫೨ರಲ್ಲಿ ಭಾರತದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ನಮ್ಮ ದೇಶದವರೂ ಅದನ್ನು ಕಂಡರು. ಸತ್ಯಜಿತ್ ರಾಯ್ ಅವರು ಕಲಕತ್ತೆಯಲ್ಲಿ ಅದನ್ನು ಒಂದರ ಹಿಂದೊಂದು ಮೂರು ದಿನ ನೋಡಿದರಂತೆ. ರ್ಯುನೊಸುಕೆ ಅಕುತಗಾವನ ಎರಡು ಸಣ್ಣ ಕಥೆಗಳು ಚಿತ್ರಕ್ಕೆ ಮೂಲ. ಹೆಸರನ್ನೂ ಹಾಳುಬಿದ್ದ ನಗರದ್ವಾರವನ್ನೂ ಕೊಟ್ಟುದು 'ರಾಶೊಮೊನ್' (೧೯೧೫). ಕೊಲೆಯ ವೃತ್ತಾಂತವನ್ನು ಕೊಟ್ಟುದು 'ಪೊದೆಯೊಳಗೆ' ಎಂಬ ಅರ್ಥದ ಹೆಸರುಳ್ಳ ಇನ್ನೊಂದು ಕಥೆ (೧೯೨೨).

ವಸ್ತುವು ಸಂಕ್ಷೇಪವಾಗಿ ಹೀಗಿದೆ. ಕಾಡುದಾರಿಯಲ್ಲಿ ಒಬ್ಬ ಸಮುರಾಯಿ ತನ್ನ ಹೆಂಡತಿಯೊಡನೆ ಹೋಗುತ್ತಿರುವನು. ತಾಜೋಮಾರು ಎಂಬ ದರೋಡೆಕಾರನು ಆತನನ್ನು ವಂಚಿಸಿ ಕಟ್ಟಿಹಾಕಿ, ಆತನ ಕಣ್ಣೆದುರಿನಲ್ಲಿಯೇ ಆಕೆಯ ಮಾನಭಂಗ ಮಾಡುವನು. ಅನಂತರ ಸಮುರಾಯಿಯು ಸತ್ತುಬಿದ್ದಿರುವನು. ಇಷ್ಟು ನಿರ್ವಿವಾದ. ಕೊಂದವರಾರು? ವಿಚಾರಣೆಯ ಅಂಗಳದಲ್ಲಿ ದರೋಡೆಕಾರನು, ತಾವಿಬ್ಬರೂ ವೀರರಂತೆ ಹೋರಾಡಿ ಇಪ್ಪತ್ತಮೂರು ಸಲ ಕತ್ತಿಗೆ ಕತ್ತಿ ತಾಗಿದ ಮೇಲೆ ತಾನೇ ಕೊಂದೆನೆಂದು ನಗುತ್ತ ಹೇಳುವನು. ಹೆಂಡತಿಯು, ಗಂಡನ ತಿರಸ್ಕಾರದ ನೋಟವನ್ನು ತಾಳಲಾರದೆ ಕಠಾರಿಯನ್ನು ಹಿಡಿದು ಮೂರ್ಛೆಹೋದೆನೆಂದೂ ಎಚ್ಚೆತ್ತಾಗ ಅದು ಆತನ ಎದೆಯಲ್ಲಿ ನಾಟಿತ್ತೆಂದೂ ಅಳುವಳು. ಸತ್ತವನು, ಮೈದುಂಬಿ ನುಡಿಯುವ ಹೆಂಗಸೊಬ್ಬಳ ಬಾಯಿಂದ, ಹೆಂಡತಿಯ ದ್ರೋಹವನ್ನು ಕಂಡು ತನ್ನನ್ನು ತಾನೇ ಇರಿದುಕೊಂಡೆನೆಂದು ಹೇಳುವನು. ಕಟ್ಟಿಗೆ ಕಡಿಯುವವನೊಬ್ಬನು, ತಾನು ಹೆಣವನ್ನು ಮಾತ್ರ ಕಂಡೆನೆಂದು ಅಲ್ಲಿ ಹೇಳಿ, ಬಳಿಕ ಮಳೆಗೆ ದ್ವಾರದ ಆಸರೆಯಲ್ಲಿ ಒಬ್ಬ ಬೌದ್ಧಭಿಕ್ಷುವಿನೊಡನೆಯೂ ಒಬ್ಬ ದಾರಿಹೋಕನೊಡನೆಯೂ ಕುಳಿತಿರುವಾಗ, ಎಲ್ಲವನ್ನೂ ತಾನು ಮರೆಯಿಂದ ಕಂಡೆನೆಂದು ಒಪ್ಪಿಕೊಳ್ಳುವನು. ಅವನ ಮಾತಿನಂತೆ ಆ ಕಾಳಗದಲ್ಲಿ ವೀರರೇ ಇರಲಿಲ್ಲ; ಕೈನಡುಗುತ್ತ, ಎಡವುತ್ತ, ಉಸಿರುಗಟ್ಟುತ್ತ ಇಬ್ಬರು ಹೇಡಿಗಳು ಹೊರಳಾಡಿದರು, ಅಷ್ಟೆ. ಆದರೆ ಬೆಲೆಬಾಳುವ ಆ ಕಠಾರಿಯನ್ನು ಕದ್ದವನು ಇವನೇ ಎಂದು ದಾರಿಹೋಕನು ಹಿಡಿದುಬಿಡುವನು. ಹಾಗಾಗಿ ಅವನ ಸಾಕ್ಷ್ಯವೂ ನಿಷ್ಕಲ್ಮಷವಲ್ಲ.

ಈ ಚಿತ್ರವನ್ನು ನಾನು ನೋಡಿದುದು ಮೈಸೂರಿನಲ್ಲಿ ಅಲಂಕಾರಶಾಸ್ತ್ರವನ್ನು ಓದುತ್ತಿದ್ದ ಕಾಲದಲ್ಲಿ. ಚಿತ್ರಾಸಕ್ತರ ಸಂಘವೊಂದು ಬಾಡಿಗೆಯ ಸಭಾಂಗಣದಲ್ಲಿ ಅದನ್ನು ತೋರಿಸಿತು. ಪರದೆಯ ಬುಡದಲ್ಲಿ ಓಡುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಿ ಮುಗಿಸುವಷ್ಟು ವೇಗ ನನಗಿರಲಿಲ್ಲ. ಪಕ್ಕದಲ್ಲಿದ್ದ ಸಹಪಾಠಿಯು ಆಗಾಗ ಒಂದೆರಡು ಮಾತನ್ನು ಕಿವಿಯಲ್ಲಿ ಹೇಳುತ್ತಿದ್ದನು. ಮಿಕ್ಕಂತೆ ನಾನು ಮುಖಗಳನ್ನು ನೋಡುತ್ತ ಕುಳಿತೆನು. ತೊಶಿರೊ ಮಿಫುನೆಯ ಅಟ್ಟಹಾಸ, ಮಾಚಿಕೊ ಕ್ಯೊ ಅವರ ಕಣ್ಣೀರು, ಕಟ್ಟಿಗೆಯವನಾಗಿ ತಕಾಶಿ ಶಿಮುರನ ಹಣೆಯ ನೆರಿಗೆ, ಎಲೆಗಳ ಸಂದಿಯಲ್ಲಿ ಮಿಯಾಗಾವನು ನೇರವಾಗಿ ಸೆರೆಹಿಡಿದ ಸೂರ್ಯ—ಇವು ಕಣ್ಣಿನಲ್ಲಿ ಉಳಿದುವು. ಹುಲ್ಲಹಳ್ಳಿಗೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. ಆ ರಾತ್ರಿ ಸಹಪಾಠಿಯ ಕೋಣೆಯಲ್ಲಿ ಮಲಗಿ, ನಿದ್ರೆ ಬಾರದೆ, "ಹಾಗಾದರೆ ಕೊಂದವರಾರು?" ಎಂದು ಕೇಳಿದೆನು. ಅವನು, "ಅದನ್ನೇ ಅಲ್ಲವೇ ಚಿತ್ರ ಕೇಳುತ್ತಿರುವುದು, ಮಲಗಯ್ಯ" ಎಂದನು. ಆ ಉತ್ತರದಿಂದ ನನಗೆ ತೃಪ್ತಿಯಾಗಲಿಲ್ಲ, ಇಂದಿಗೂ ಆಗಿಲ್ಲ.

೩. ಪ್ರಚಲಿತವಾದ ಅರ್ಥ ಮತ್ತು ಅದರ ಪರೀಕ್ಷೆ

ಈ ಚಿತ್ರಕ್ಕೆ ಲೋಕದಲ್ಲಿ ಪ್ರಚಾರದಲ್ಲಿರುವ ಅರ್ಥವು, ಸತ್ಯವೆಂಬುದು ನೋಡುವವನ ಕಣ್ಣಿಗೆ ತಕ್ಕಂತೆ ಬೇರೆಬೇರೆ ಎಂಬುದು. ಮಾನವಶಾಸ್ತ್ರಜ್ಞನಾದ ಕಾರ್ಲ್ ಹೈಡರ್ ೧೯೮೮ರಲ್ಲಿ, ಒಂದೇ ಸಮಾಜವನ್ನು ಅಧ್ಯಯನಮಾಡಿದ ವಿದ್ವಾಂಸರು ಭಿನ್ನಭಿನ್ನವಾಗಿ ವರ್ಣಿಸುವ ವಿಚಾರವನ್ನು ಚರ್ಚಿಸುತ್ತ 'ರಾಶೊಮೊನ್ ಪರಿಣಾಮ' ಎಂಬ ಹೆಸರನ್ನು ಬಳಸಿದನು. ಆ ಹೆಸರು ಇಂದು ತರಗತಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮನೆಮಾತಾಗಿದೆ. ನಮ್ಮಲ್ಲಿ ಕೆಲವರು ಇದನ್ನು ಜೈನರ ಅನೇಕಾಂತವಾದದೊಡನೆ ಹೋಲಿಸಿ ಪಾಠ ಹೇಳುವುದನ್ನೂ ಕೇಳಿದ್ದೇನೆ.

ಈ ಹೋಲಿಕೆಯು ನಿಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ. ಆನೆಯನ್ನು ಮುಟ್ಟಿದ ಕುರುಡರಲ್ಲಿ ಒಬ್ಬನು ಕಂಬವೆಂದೂ ಇನ್ನೊಬ್ಬನು ಮೊರವೆಂದೂ ಹೇಳುವಾಗ, ಇಬ್ಬರ ಮಾತಿನಲ್ಲಿಯೂ ವಸ್ತುವಿನ ಒಂದು ಅಂಶವು ಸತ್ಯವಾಗಿಯೇ ಇದೆ. ಎರಡನ್ನೂ ಕೂಡಿಸಿದರೆ ಆನೆಯು ಸಿಕ್ಕುತ್ತದೆ. ನಯವೆಂದರೆ ಅದು. 'ರಾಶೊಮೊನ್' ಚಿತ್ರದ ಸಾಕ್ಷ್ಯಗಳನ್ನು ಕೂಡಿಸಿದರೆ ಏನೂ ಸಿಕ್ಕುವುದಿಲ್ಲ. ಒಬ್ಬನನ್ನು ದರೋಡೆಕಾರನ ಕತ್ತಿಯೂ, ಹೆಂಡತಿಯ ಕಠಾರಿಯೂ, ತನ್ನ ಕೈಯೂ ಬೇರೆಬೇರೆಯಾಗಿ ಕೊಲ್ಲಲಾರವು. ಇಲ್ಲಿರುವುದು ದರ್ಶನಭೇದವಲ್ಲ, ಅನೃತ. ಕಣ್ಣಿನ ದೋಷವಲ್ಲ, ನಾಲಗೆಯ ದೋಷ. ಕುರೊಸಾವನು ತನ್ನ ಆತ್ಮಕಥೆಯಲ್ಲಿ ಹೇಳುವ ಒಂದು ಪ್ರಸಂಗವು ಇದಕ್ಕೆ ಪೋಷಕವಾಗಿದೆ. ಚಿತ್ರೀಕರಣಕ್ಕೆ ಮುನ್ನ ಸಹಾಯಕ ನಿರ್ದೇಶಕರು ಬಂದು, ಕಥೆಯು ತಮಗೆ ಅರ್ಥವಾಗಲಿಲ್ಲವೆಂದರಂತೆ. ಅದಕ್ಕೆ ಆತನು ಕೊಟ್ಟ ಸಮಾಧಾನದ ತಾತ್ಪರ್ಯವಿಷ್ಟು: ಮನುಷ್ಯನು ತನ್ನ ವಿಷಯವಾಗಿ ಮಾತನಾಡುವಾಗ ಅಲಂಕರಿಸದೆ ಇರಲಾರನು, ಸತ್ತಮೇಲೂ ಆ ಚಟವು ಬಿಡುವುದಿಲ್ಲ. ನೋಡುವ ಬಗೆಯನ್ನು ಕುರಿತು ಆತನು ಇಲ್ಲಿ ಹೇಳುತ್ತಲೇ ಇಲ್ಲ.

ಅನೃತಸಾಕ್ಷ್ಯವೆಂದ ಮೇಲೆ ಅದರ ಕಾರಣವನ್ನು ವಿಚಾರಿಸಬೇಕಾಯಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸಾಕ್ಷಿಯು ಸುಳ್ಳು ಹೇಳುವುದಕ್ಕೆ ಎಂಟು ಕಾರಣಗಳನ್ನು ಎಣಿಸುತ್ತದೆ: ಲೋಭ, ಮೋಹ, ಭಯ, ಮೈತ್ರಿ, ಕಾಮ, ಕ್ರೋಧ, ಅಜ್ಞಾನ, ಬಾಲಭಾವ. ಪ್ರತಿಯೊಂದಕ್ಕೂ ದಂಡವನ್ನು ಬೇರೆಬೇರೆಯಾಗಿ ವಿಧಿಸುತ್ತದೆ. ಲೋಭಕ್ಕೆ ೧೦೦೦ ಪಣ, ಮೋಹಕ್ಕೆ ಪ್ರಥಮಸಾಹಸ, ಎಂದರೆ ೨೫೦ ಪಣ, ಭಯಕ್ಕೆ ಮಧ್ಯಮಸಾಹಸದ ಎರಡರಷ್ಟು, ಎಂದರೆ ೧೦೦೦, ಮೈತ್ರಿಗೆ ಪ್ರಥಮಸಾಹಸದ ನಾಲ್ಕರಷ್ಟು, ಅದೂ ೧೦೦೦, ಕಾಮಕ್ಕೆ ೨೫೦೦, ಕ್ರೋಧಕ್ಕೆ ೩೦೦೦, ಅಜ್ಞಾನಕ್ಕೆ ೨೦೦, ಬಾಲಭಾವಕ್ಕೆ ೧೦೦.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆ ಅಂಗಳಕ್ಕೆ ಹೋಗೋಣ. ಕಟ್ಟಿಗೆಯವನ ಸುಳ್ಳು ಸುಲಭವಾಗಿ ಸಿಕ್ಕುತ್ತದೆ. ಕಠಾರಿಯ ಆಸೆ, ಲೋಭ. ಉಳಿದ ಮೂವರನ್ನು ಏನೆಂದು ಕರೆಯುವುದು? ದರೋಡೆಕಾರನು ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಸುಳ್ಳಾಡುತ್ತಿಲ್ಲ. "ನಾನೇ ಕೊಂದೆ" ಎನ್ನುತ್ತಿದ್ದಾನೆ. ಹೆಂಡತಿಯೂ ಕೊಲೆಯನ್ನು ತನ್ನ ಮೇಲೆಯೇ ಎಳೆದುಕೊಳ್ಳುತ್ತಿದ್ದಾಳೆ. ಸತ್ತವನಿಗೆ ಪಡೆಯುವುದೂ ಕಳೆಯುವುದೂ ಯಾವುದೂ ಉಳಿದಿಲ್ಲ. ಆದರೂ ಆತನು ತನ್ನನ್ನು ಕೊಂದವನು ತಾನೇ ಎನ್ನುತ್ತಾನೆ. ಲೋಕದಲ್ಲಿ ಅಪರಾಧಿಯು "ನಾನಲ್ಲ" ಎಂದು ಸುಳ್ಳು ಹೇಳುವನು. ಇಲ್ಲಿ ಮೂವರೂ "ನಾನೇ" ಎಂದು ಸುಳ್ಳು ಹೇಳುತ್ತಿರುವರು! ಮನುವಿನ ಎಂಟು ಕಾರಣಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ಇದು ಒಂಬತ್ತನೆಯದು, ಇದನ್ನು ಅಭಿಮಾನವೆನ್ನುವೆನು. ಸಾಂಖ್ಯರು ಅಹಂಕಾರತತ್ತ್ವಕ್ಕೆ ಲಕ್ಷಣವಾಗಿ ಹೇಳಿದ ಅಭಿಮಾನವೇ ಇದು: ನಡೆದುದೆಲ್ಲವನ್ನೂ 'ನಾನು' ಎಂಬುದರ ಸುತ್ತ ಕಟ್ಟುವ ವ್ಯಾಪಾರ. ದರೋಡೆಕಾರನಿಗೆ ತಾನು ಶೂರನಾಗಿರಬೇಕು. ಹೆಂಡತಿಗೆ ತಾನು ಮಾನವುಳ್ಳವಳಾಗಿರಬೇಕು. ಸಮುರಾಯಿಗೆ ತಾನು ಹೇಡಿಯಾಗಿ ಸಾಯದೆ ಇರಬೇಕು. ಇದಕ್ಕಾಗಿ ಅವರು ಕೊಲೆಗಾರರಾಗಲೂ ಸಿದ್ಧರು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅಭಿಮಾನವು ಮೋಹದಲ್ಲಿಯೇ ಅಂತರ್ಭೂತವಲ್ಲವೇ, ಒಂಬತ್ತನೆಯದೆಂದು ಬೇರೆ ಎಣಿಸುವುದೇಕೆ? ಇದಕ್ಕೆ ಸಮಾಧಾನ: ತತ್ತ್ವದೃಷ್ಟಿಯಿಂದ ಎಲ್ಲ ಅನೃತವೂ ಮೋಹವೇ, ಆದರೆ ವ್ಯವಹಾರದಲ್ಲಿ ಕಾರಣಗಳನ್ನು ಎಣಿಸುವುದು ಸುಳ್ಳನ್ನು ಕಂಡುಹಿಡಿಯುವುದಕ್ಕಾಗಿ. ಎಂಟರಲ್ಲಿ ಹೆಚ್ಚಿನವನ್ನು ಕಂಡುಹಿಡಿಯುವ ಉಪಾಯವು, "ಈ ಮಾತಿನಿಂದ ಇವನಿಗೆ ಅಥವಾ ಇವನವರಿಗೆ ಏನು ಲಾಭ?" ಎಂದು ಕೇಳುವುದು. ಇನ್ನೊಂದು ಉಪಾಯವು ಮುಖಚಿಹ್ನೆ. ಕೂಟಸಾಕ್ಷಿಯು ನಿಂತಲ್ಲಿ ನಿಲ್ಲನು, ಕಟವಾಯಿಯನ್ನು ನೆಕ್ಕುವನು, ಹಣೆ ಬೆವರುವುದು, ಮುಖದ ಬಣ್ಣ ಕೆಡುವುದು ಎಂದು ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಹೇಳಿರುವನು. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನೆಂಬುದು ಕನ್ನಡಿಗರ ಹೆಮ್ಮೆ. ಆದರೆ ಅಭಿಮಾನದ ಸುಳ್ಳಿಗೆ ಈ ಎರಡು ಬಲೆಗಳೂ ಸಾಲವು. ತಾಜೋಮಾರು ಬೆವರುವುದಿಲ್ಲ, ನಗುತ್ತಾನೆ. ಲಾಭವನ್ನು ಹುಡುಕಿದರೆ ಕಾಣುವುದು ನಷ್ಟವೇ. ೧೮೭೨ರ ಸಾಕ್ಷ್ಯಾಧಿನಿಯಮದಿಂದ ಹಿಡಿದು, ಅದರ ಸ್ಥಾನಕ್ಕೆ ೨೦೨೪ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದವರೆಗೂ, ತನ್ನ ಹಿತಕ್ಕೆ ತಾನೇ ವಿರುದ್ಧವಾಗಿ ಆಡಿದ ಮಾತಿಗೆ ಕಾನೂನು ಒಂದು ವಿಶೇಷವಾದ ಬೆಲೆಯನ್ನು ಕೊಟ್ಟಿದೆ. ಕುರೊಸಾವನು ಬಾಣವನ್ನು ಹೂಡಿರುವುದು ಆ ವಿಶ್ವಾಸದ ಮೇಲೆಯೇ. ಆದುದರಿಂದ ಈ ಕಾರಣವನ್ನು ಬೇರೆಯಾಗಿ ಎಣಿಸುವುದು ಯುಕ್ತ.

೪. ರಸದ ಪ್ರಶ್ನೆ

ನಮ್ಮ ನಾಟಕಗಳಲ್ಲಿಯೂ ಕೊಲೆಯ ವಿಚಾರಣೆಯುಂಟು. ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನು, ವಸಂತಸೇನೆಯನ್ನು ಕೊಂದನೆಂಬ ಆರೋಪಕ್ಕೆ ಗುರಿಯಾಗಿ, ನ್ಯಾಯಾಧಿಕರಣದ ಮುಂದೆ ನಿಲ್ಲುವನು. ವೇಶ್ಯೆಯೊಬ್ಬಳು ತನ್ನ ಸ್ನೇಹಿತೆಯೆಂದು ಹೇಳಲು ನಾಚುವನು. ಕೊನೆಗೆ, ಅವಳಿಲ್ಲದ ಬಾಳು ಬೇಡವೆಂಬ ದುಃಖದಲ್ಲಿ, ತಾನೇ ಕೊಂದಂತೆ ಅರ್ಧ ನುಡಿದು, ಮಿಕ್ಕುದನ್ನು ಶಕಾರನೇ ಹೇಳಲೆಂದು ಬಿಡುವನು. ಮಾಡದ ಕೊಲೆಯನ್ನು ಮೈಮೇಲೆ ಎಳೆದುಕೊಳ್ಳುವ ಸಾಕ್ಷ್ಯವು ಶೂದ್ರಕನಿಗೂ ಗೊತ್ತಿತ್ತೆಂಬುದು ಇದರಿಂದ ಸ್ಪಷ್ಟ. ಆದರೆ ಎರಡು ಭೇದಗಳಿವೆ. ಚಾರುದತ್ತನನ್ನು ನುಡಿಸಿದುದು ಶೋಕ, ಅಭಿಮಾನವಲ್ಲ. ಮತ್ತು, ಇದು ಮುಖ್ಯವಾದುದು, ಎಂಟನೆಯ ಅಂಕದಲ್ಲಿಯೇ ಶಕಾರನು ಅವಳ ಕತ್ತು ಹಿಸುಕಿದುದನ್ನೂ ಅವಳು ಮತ್ತೆ ಉಸಿರಾಡಿದುದನ್ನೂ ಸಾಮಾಜಿಕನು ಕಂಡಿರುವನು. ಅಧಿಕರಣಿಕನಿಗೆ ಸಂಶಯ, ಸಾಮಾಜಿಕನಿಗೆ ನಿಶ್ಚಯ. ಆ ನಿಶ್ಚಯದ ನೆಲದ ಮೇಲೆಯೇ ಕರುಣವು ಬೆಳೆಯುತ್ತದೆ.

ಕುರೊಸಾವನು ಈ ನೆಲವನ್ನೇ ಕಿತ್ತುಬಿಟ್ಟಿರುವನು. ವಿಚಾರಣೆಯ ಅಂಗಳದಲ್ಲಿ ನ್ಯಾಯಾಧಿಕಾರಿಯನ್ನು ಒಮ್ಮೆಯೂ ತೋರಿಸುವುದಿಲ್ಲ. ಅವನ ಧ್ವನಿಯೂ ಕೇಳುವುದಿಲ್ಲ. ಸಾಕ್ಷಿಗಳು ನೇರವಾಗಿ ನಮ್ಮ ಕಡೆಗೆ ತಿರುಗಿ, ನಾವು ಕೇಳಿದ ಪ್ರಶ್ನೆಗೆಂಬಂತೆ ಉತ್ತರ ಕೊಡುವರು. ಆ ಪೀಠವು ನಮ್ಮದು. ತೀರ್ಪನ್ನು ಕೊಡಬೇಕಾದವರು ನಾವು, ಕೊಡಲಾರದವರೂ ನಾವೇ.

ಹೀಗಿದ್ದಲ್ಲಿ ಅಲಂಕಾರಶಾಸ್ತ್ರದ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ. ಅಭಿನವಗುಪ್ತಪಾದರು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳುತ್ತ ಸಂಶಯಯೋಗವನ್ನು ಏಳನೆಯದಾಗಿ ಎಣಿಸಿರುವರು. ಕಣ್ಣೀರು ಆನಂದದಿಂದಲೂ ಬರಬಹುದು, ಕಣ್ಣುಬೇನೆಯಿಂದಲೂ ಬರಬಹುದು. ಯಾವುದರಿಂದ ಬಂದಿತೆಂದು ತಿಳಿಯದಿದ್ದರೆ ರಸವು ಹೇಗೆ ನಿಷ್ಪನ್ನವಾದೀತು? 'ರಾಶೊಮೊನ್' ಚಿತ್ರದಲ್ಲಿ ಆ ಹೆಂಗಸು ಒಂದು ಸಾಕ್ಷ್ಯದಲ್ಲಿ ಕೋಪದಿಂದಲೂ, ಇನ್ನೊಂದರಲ್ಲಿ ಲಜ್ಜೆಯಿಂದಲೂ, ಮತ್ತೊಂದರಲ್ಲಿ ಕಪಟದಿಂದಲೂ ಅಳುವಳು. ಅನುಭಾವವು ಒಂದೇ, ಭಾವವು ಬೇರೆ. ಶಾಸ್ತ್ರದ ಪ್ರಕಾರ ಇಲ್ಲಿ ರಸಭಂಗವಾಗಬೇಕು. ಆದರೆ ಆಗುವುದಿಲ್ಲವೆಂಬುದಕ್ಕೆ ನೋಡಿದವರೆಲ್ಲರೂ ಪ್ರಮಾಣ.

ಏಕೆಂದರೆ ಸಂಶಯವಿರುವುದು ಘಟನೆಯ ವಿಷಯದಲ್ಲಿ ಮಾತ್ರ. ಸಾಕ್ಷಿಗಳ ಅಭಿಮಾನದ ವಿಷಯದಲ್ಲಿ ಲೇಶವಾದರೂ ಸಂಶಯವಿಲ್ಲ; ಅದು ಅವರ ಪ್ರತಿಯೊಂದು ಮಾತಿನಲ್ಲಿಯೂ ನಿಚ್ಚಳವಾಗಿ ವ್ಯಂಗ್ಯವಾಗುತ್ತದೆ. ಕೊಲೆಯು ಕಾಣದಾದಷ್ಟೂ ಕೊಲೆಯನ್ನು ಹೇಳುವವರು ಕಾಣುತ್ತಾರೆ. ಆದುದರಿಂದ ಸ್ಥಾಯಿಯು ಕಲಕಲಿಲ್ಲ. ಆಶ್ರಯವು ಕಾಡಿನಿಂದ ಅಂಗಳಕ್ಕೆ ಸರಿದಿದೆ. ವಿಘ್ನವನ್ನೇ ವಿಭಾವವನ್ನಾಗಿ ಮಾಡಿಕೊಂಡುದು ಈ ಚಿತ್ರದ ಸಾಹಸ.

ಇನ್ನು ಅಂತ್ಯದ ವಿಚಾರ. ಅಕುತಗಾವನ ಕಥೆಯಲ್ಲಿ ಏಳು ಸಾಕ್ಷ್ಯಗಳು ಮುಗಿದೊಡನೆ ಕಥೆಯೂ ಮುಗಿಯುತ್ತದೆ. ಕಟ್ಟಿಗೆಯವನ ಎರಡನೆಯ ಮಾತೂ, ದ್ವಾರದಲ್ಲಿ ಅಳುವ ತಬ್ಬಲಿ ಶಿಶುವೂ ಚಿತ್ರದ ಸೇರಿಕೆಗಳು. ದಾರಿಹೋಕನು ಶಿಶುವಿನ ಮೈಮೇಲಿನ ಬಟ್ಟೆಯನ್ನು ಕಿತ್ತುಕೊಂಡು ಹೋಗುವನು. ಕಟ್ಟಿಗೆಯವನು, ಮನೆಯಲ್ಲಿ ಆರು ಮಕ್ಕಳಿರುವಾಗ ಏಳನೆಯದು ಭಾರವಲ್ಲವೆಂದು ಶಿಶುವನ್ನು ಎತ್ತಿಕೊಳ್ಳುವನು, ಮಳೆ ನಿಲ್ಲುವುದು. ಈ ಅಂತ್ಯವನ್ನು ಕೆಲವರು ಮೆತ್ತಗಿನದೆಂದು ದೂರುವರು. ನನಗೆ ಹಾಗೆ ತೋರುವುದಿಲ್ಲ. ಲೋಭದಿಂದ ಸುಳ್ಳಾಡಿದವನು ಅದನ್ನು ಒಪ್ಪಿಕೊಂಡು ತಲೆತಗ್ಗಿಸಿದನು. ಆದುದರಿಂದ ಅವನಿಗೆ ದಾರಿಯಿದೆ. ಅಭಿಮಾನದಿಂದ ಸುಳ್ಳಾಡಿದ ಮೂವರಲ್ಲಿ ಯಾರೂ ತಲೆತಗ್ಗಿಸಲಿಲ್ಲ. ಚಿತ್ರವು ಕೊಡುವ ತೀರ್ಪು ಇದೊಂದೇ. ಆದರೆ ಇದು ಸಣ್ಣದಲ್ಲ.

೫. ಮದರಾಸಿನಲ್ಲಿ, ಮಲ್ಪೆಯಲ್ಲಿ

ಈ ಚಿತ್ರವನ್ನು ದಕ್ಷಿಣದೇಶವು ಹೇಗೆ ಸ್ವೀಕರಿಸಿತು? ಮೊದಲನೆಯ ನಿದರ್ಶನವು ತಮಿಳಿನದು. ವೀಣಾವಿದ್ವಾಂಸರೂ ಆಗಿದ್ದ ಎಸ್. ಬಾಲಚಂದರ್ ಅವರು ಎ.ವಿ.ಎಂ. ಸಂಸ್ಥೆಗಾಗಿ ನಿರ್ದೇಶಿಸಿದ 'ಅಂದ ನಾಳ್' (೧೯೫೪) ಚಿತ್ರವು ಹಾಡುಗಳೇ ಇಲ್ಲದ ತಮಿಳು ಚಿತ್ರವೆಂದು ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ ಮರುದಿನ, ರಾಜನ್ ಎಂಬ ರೇಡಿಯೋ ಎಂಜಿನಿಯರನು ಗುಂಡೇಟಿನಿಂದ ಸತ್ತಿರುವನು. ಒಬ್ಬೊಬ್ಬರೂ ತಮ್ಮ ಸಂಶಯವನ್ನು ಬೇರೊಬ್ಬರ ಮೇಲೆ ಹೊರಿಸುತ್ತ ನಡೆದುದನ್ನು ಹೇಳುವರು. ರಾಜನಾಗಿ ಶಿವಾಜಿ ಗಣೇಶನ್, ಅವನ ಹೆಂಡತಿಯಾಗಿ ನಮ್ಮ ಪಂಡರಿಬಾಯಿ. ಆದರೆ ಕೊನೆಯಲ್ಲಿ ಪತ್ತೇದಾರನು ನಿಜವನ್ನು ಬಯಲಿಗೆಳೆದೇ ತೀರುವನು: ರಾಜನು ದೇಶದ್ರೋಹಿ, ಗುಂಡು ಹಾರಿದುದು ಹೆಂಡತಿಯ ಕೈಯಿಂದ. ಜಪಾನಿನ ಚಿತ್ರದಿಂದ ಇದು ತೆಗೆದುಕೊಂಡುದು ಸಾಕ್ಷ್ಯಗಳ ಸರಣಿಯನ್ನು. ಬಿಟ್ಟುದು ನಿರ್ಣಯದ ಅಭಾವವನ್ನು. ಇಲ್ಲಿ ಪೀಠದ ಮೇಲೆ ಕುಳಿತವನು ಪತ್ತೇದಾರನೇ. ಪ್ರೇಕ್ಷಕನು ನಿಶ್ಚಿಂತನಾಗಿ ಮನೆಗೆ ಹೋಗಬಹುದು. ಕಟ್ಟಡವು ಸೊಗಸಾಗಿದೆ, ಪ್ರಶ್ನೆಯು ಬಂದಿಲ್ಲ.

ಎರಡನೆಯದು ಕನ್ನಡದ್ದು. ರಕ್ಷಿತ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ಮುಖ್ಯಪಾತ್ರವನ್ನೂ ವಹಿಸಿದ 'ಉಳಿದವರು ಕಂಡಂತೆ' (೨೦೧೪) ಚಿತ್ರದ ನಿರೂಪಣೆಯು 'ರಾಶೊಮೊನ್' ಸಂಪ್ರದಾಯಕ್ಕೆ ಸೇರಿದುದೆಂದು ವಿಮರ್ಶಕರು ಮೊದಲಿನಿಂದಲೂ ಗುರುತಿಸಿರುವರು. ಉಡುಪಿಯ ಮಲ್ಪೆಯ ಕಡಲತೀರ, ಅಷ್ಟಮಿಯ ಹುಲಿವೇಷದ ತಾಳ, ಇವುಗಳ ನಡುವೆ ನಡೆದ ಒಂದು ಘಟನೆಯನ್ನು ಕುರಿತು, ರೆಜಿನಾ ಎಂಬ ಪತ್ರಕರ್ತೆಯು ತನ್ನೂರಿನವರು ಕಂಡುದನ್ನು ಕೂಡಿಸಲು ಹೊರಡುವಳು. ಬಾಲ್ಯದಲ್ಲಿಯೇ ರಿಮ್ಯಾಂಡ್ ಹೋಮನ್ನು ಕಂಡುಬಂದ ರಿಚ್ಚಿ, ಬಹುಕಾಲದ ಮೇಲೆ ತಾಯಿ ರತ್ನಕ್ಕನನ್ನು ನೋಡಲು ಮರಳಿಬಂದ ರಘು, ಬಾಯಿಬಿಡದ ಪ್ರೇಮವನ್ನು ಒಳಗಿಟ್ಟುಕೊಂಡ ಮುನ್ನ—ಇವರೇ ಮುಖ್ಯರು. ತೆರೆಗೆ ಬಂದಾಗ ಇದಕ್ಕೆ ತಕ್ಕ ಆದರ ದೊರೆಯಲಿಲ್ಲ. ಅನಂತರದ ವರ್ಷಗಳಲ್ಲಿ ತರುಣರ ವಲಯದಲ್ಲಿ ಅದರ ಮನ್ನಣೆಯು ಬೆಳೆಯುತ್ತ ಬಂದಿತು. ೨೦೧೭ರಲ್ಲಿ 'ರಿಚಿ' ಎಂಬ ಹೆಸರಿನಿಂದ ತ‌ಮಿಳಿಗೂ ಹೋಯಿತು.

ಚಿತ್ರದ ಹೆಸರನ್ನೇ ಮೊದಲು ಗಮನಿಸಬೇಕು. 'ಹೇಳಿದಂತೆ' ಅಲ್ಲ, 'ಕಂಡಂತೆ'. ನಾಲಗೆಯ ದೋಷವು ಇಲ್ಲಿ ಕಣ್ಣಿಗೆ ವರ್ಗವಾಗಿದೆ. 'ಉಳಿದವರು' ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಮಿಕ್ಕವರು ಎಂದೂ, ಬದುಕಿ ಉಳಿದವರು ಎಂದೂ. ದೈವವು ಪಾತ್ರಿಯ ಮೈಮೇಲೆ ಬಂದು ನುಡಿಕೊಡುವ ತುಳುನಾಡಿನಲ್ಲಿ ಸತ್ತವನನ್ನು ಆವಾಹನೆಮಾಡಿ ಸಾಕ್ಷಿ ನುಡಿಸುವುದು ಸುಲಭವಾಗಿತ್ತು. ನಿರ್ದೇಶಕರು ಆ ಜಪಾನೀ ಉಪಾಯವನ್ನು ಮುಟ್ಟಲಿಲ್ಲ. ಉಳಿದವರು ಹೇಳುವುದು ತಮ್ಮನ್ನು ಮೆರೆಸಿಕೊಳ್ಳುವುದಕ್ಕಲ್ಲ. ಕಳೆದುಕೊಂಡವರನ್ನು ಮನಸ್ಸಿನಲ್ಲಿ ಕಾಪಾಡಿಕೊಳ್ಳುವುದಕ್ಕೆ. ಕೇಳುವವಳೂ ಕಾಣದ ಅಧಿಕಾರಿಯಲ್ಲ. ಅದೇ ಊರಿನ ಮಗಳು. ಮನುವಿನ ಪಟ್ಟಿಯಲ್ಲಿ ಇದು ನಾಲ್ಕನೆಯ ಕಾರಣ, ಮೈತ್ರಿ. ಜಪಾನಿನ ಚಿತ್ರವು ಒಂಬತ್ತನೆಯದನ್ನು ತೋರಿಸಿತು. ಕನ್ನಡ ಚಿತ್ರವು ಅದಕ್ಕೆ ನಾಲ್ಕನೆಯದರಿಂದ ಉತ್ತರಕೊಟ್ಟಿತು. ಇದು ಅನುಕರಣವಲ್ಲ. ಪ್ರಶ್ನೆಯನ್ನು ಹೊತ್ತು ತಂದು, ಅದನ್ನು ತನ್ನ ನೆಲದಲ್ಲಿ ತನ್ನದೇ ಆದ ಬೇರೊಂದು ಪ್ರಶ್ನೆಯಾಗಿ ಬೆಳೆಸುವುದು.

ಆದರೆ ದೋಷವನ್ನು ಹೇಳದಿದ್ದರೆ ವಿಮರ್ಶೆಯೇ ಮೈತ್ರಿಯ ಸಾಕ್ಷ್ಯವಾದೀತು. ಮೈತ್ರಿಯ ಸುಳ್ಳಿಗೆ ಮನುವು ಲೋಭದ ಸುಳ್ಳಿಗೆ ಸಮನಾದ ೧೦೦೦ ಪಣವನ್ನು ವಿಧಿಸಿದುದು ವೃಥಾ ಅಲ್ಲ. ಪ್ರೀತಿಯು ಹೇಳುವ ಕಥೆಯಲ್ಲಿ ಪೆಟ್ಟುತಿಂದವನ ನೋವು ಮರೆಯಾಗುವ ಅಪಾಯವುಂಟು. ರಿಚ್ಚಿಯ ಠೀವಿಯೂ ಮಾತಿನ ಬೆಡಗೂ ಹುಲಿಕುಣಿತದ ನಾದವೂ ಕೂಡಿ ಹಿಂಸೆಗೆ ಒಂದು ಸೊಬಗನ್ನು ತೊಡಿಸುತ್ತವೆ. ಆ ಸೊಬಗನ್ನು ಬಿಚ್ಚಿ, ಕೈನಡುಗುವ ಹೇಡಿಗಳ ಕಾಳಗವನ್ನು ತೋರಿಸುವ ಕಟ್ಟಿಗೆಯವನು ಮಲ್ಪೆಯಲ್ಲಿ ಸಿಕ್ಕುವುದಿಲ್ಲ. ಪ್ರೇಕ್ಷಕನು ಇಲ್ಲಿ ಪೀಠದ ಮೇಲೆ ಕೂರುವುದಿಲ್ಲ. ಊರವರ ನಡುವೆ ಕೂತು ಅಳುತ್ತಾನೆ. ಅಳುವುದು ತಪ್ಪಲ್ಲ. ಆದರೆ ತನ್ನನ್ನು ತಾನು ವಿಚಾರಣೆಗೆ ಒಡ್ಡಿಕೊಳ್ಳುವ ಕಷ್ಟವು ಅವನಿಗೆ ಬರುವುದಿಲ್ಲ.

೬. ಉಪಸಂಹಾರ

ಒಂಬತ್ತನೆಯ ಕಾರಣವು ನನಗೆ ಗ್ರಂಥಾವಲೋಕನದಿಂದ ಹೊಳೆಯಿತೆಂದು ವಾಚಕ ಮಹಾಶಯರು ಭಾವಿಸಬಾರದು. ನಮ್ಮ ಹುಲ್ಲಹಳ್ಳಿಯ ಬಳಿ ಕಪಿಲಾನದಿಗೆ ಹಳೆಯದೊಂದು ಅಣೆಕಟ್ಟಿದೆ. ಅದರ ನಾಲೆಯ ನೀರಿನಿಂದ ಗದ್ದೆಗಳು ಬೆಳೆಯುತ್ತವೆ. ಕೆಲವು ವರ್ಷಗಳ ಹಿಂದೆ, ನೀರು ಸಾಲದ ಒಂದು ಬೇಸಗೆಯಲ್ಲಿ, ತೂಬಿನ ಬಳಿ ಎರಡು ಮನೆಯವರಿಗೆ ಜಗಳವಾಗಿ ಒಬ್ಬನಿಗೆ ಗುದ್ದಲಿಯ ಕಾವಿನಿಂದ ತಲೆಗೆ ಪೆಟ್ಟುಬಿದ್ದಿತು. ಸಂಜೆ ಆ ದಾರಿಯಲ್ಲಿ ಬರುತ್ತಿದ್ದ ನಾನು ಅದನ್ನು ಕಂಡೆನು. ಪೊಲೀಸಿನವರೆಗೆ ಹೋಗುವುದು ಬೇಡವೆಂದು ಹಿರಿಯರು ಅರಳೀಕಟ್ಟೆಯಲ್ಲಿ ಸೇರಿದರು. ಅವರಲ್ಲಿ ಒಬ್ಬರು, "ನೀವು ಕಂಡಿದ್ದೀರಿ, ಓದಿದೋರು, ನೀವೇ ಹೇಳಿ ಸ್ವಾಮಿ" ಎಂದರು. ಯಾರು ಮೊದಲು ಕೈಯೆತ್ತಿದರು, ಯಾರು ಹೊಡೆದರು ಎಂಬುದನ್ನು ಇದ್ದುದಿದ್ದಂತೆ ಹೇಳಿದೆನು. ಹೇಳುತ್ತ ಹೇಳುತ್ತ, "ಬೇಡಿರಯ್ಯಾ ಎಂದು ಕೂಗುತ್ತ ನಾನು ನಡುವೆ ಹೋದೆ" ಎಂದು ಒಂದು ಮಾತನ್ನು ಸೇರಿಸಿದೆನು. ನಾನು ಕೂಗಿರಲಿಲ್ಲ. ನಡುವೆಯೂ ಹೋಗಿರಲಿಲ್ಲ. ಹೊಂಗೆಮರದ ಮರೆಯಲ್ಲಿ, ಎಲ್ಲ ಮುಗಿಯುವವರೆಗೆ, ನಿಂತಿದ್ದೆನು.

ಆ ಮಾತಿನಿಂದ ಯಾರಿಗೂ ಕೆಡುಕಾಗಲಿಲ್ಲ, ರಾಜಿಯಾಯಿತು, ಎರಡು ಮನೆಯವರೂ ಇಂದು ಒಂದೇ ನೀರಗಂಟಿಯ ಮಾತನ್ನು ಕೇಳಿ ನಡೆಯುತ್ತಿರುವರು. ಆದರೆ ಆ ರಾತ್ರಿ ಮನುಸ್ಮೃತಿಯನ್ನು ತೆರೆದು ಎಂಟು ಕಾರಣಗಳನ್ನೂ ಒಂದೊಂದಾಗಿ ನನಗೆ ಹೊಂದಿಸಿ ನೋಡಿದೆನು. ಲೋಭವಿರಲಿಲ್ಲ, ಭಯವಿರಲಿಲ್ಲ, ಇಬ್ಬರಲ್ಲಿ ಯಾರ ಮೇಲೂ ವಿಶೇಷವಾದ ಮೈತ್ರಿಯಾಗಲಿ ಕ್ರೋಧವಾಗಲಿ ಇರಲಿಲ್ಲ, ಅಜ್ಞಾನವೆನ್ನಲು ಶಾಸ್ತ್ರವೇ ಎದುರಿಗಿತ್ತು, ವಯಸ್ಸು ಬಾಲಭಾವವನ್ನು ಮೀರಿತ್ತು. ಆಗ ಮಳೆಯಲ್ಲಿ ತೊಯ್ಯುವ ಆ ಹಾಳು ದ್ವಾರವೂ, ತಲೆತಗ್ಗಿಸಿದ ಶಿಮುರನ ಮುಖವೂ, ಮೈಸೂರಿನ ಆ ಸಭಾಂಗಣದಲ್ಲಿ ಕಂಡಂತೆಯೇ, ಕಣ್ಣಮುಂದೆ ಬಂದುವು. ಕಟ್ಟಿಗೆಯವನು ಮರೆಯಿಂದ ನೋಡಿದನು. ನಾನೂ ಮರೆಯಿಂದಲೇ ನೋಡಿದೆನು. ಅವನು ಕಠಾರಿಯನ್ನು ತೆಗೆದುಕೊಂಡನು. ನಾನು ಒಳ್ಳೆಯ ಹೆಸರನ್ನು ತೆಗೆದುಕೊಂಡೆನು. ಅವನು ಒಪ್ಪಿಕೊಂಡನು. ನಾನು ಒಪ್ಪಿಕೊಳ್ಳುತ್ತಿರುವುದು ಇಲ್ಲಿಯೇ ಮೊದಲು. ಈ ಸಂಚಿಕೆಯನ್ನು ಕಟ್ಟೆಯ ಹಿರಿಯರಿಗೂ ಓದಿ ಹೇಳುವೆನು.

ಪರದೇಶದ ಅಪರಾಧಚಿತ್ರವೊಂದರ ಸ್ಥಾಯಿಯಾದ ಪರಿಣಾಮವೆಂದರೆ ಇದೆಂದು ನಾನು ತಿಳಿದಿರುವೆನು. ಅದು ನಿರೂಪಣೆಯ ಹೊಸ ಉಪಾಯವನ್ನು ಕಲಿಸಿತೆಂಬುದು ದಿಟ. ಆದರೆ ಅದು ಚಿಕ್ಕ ದಿಟ. ಸತ್ಯವು ಹಲವು ಬಗೆಯೆಂದು ಕಲಿಸಿತೆಂಬುದು ದಿಟವೇ ಅಲ್ಲ. ಹಾಗೆ ಕಲಿಸಿದ್ದರೆ ನನಗೆ ಆ ರಾತ್ರಿ ನಿದ್ರೆ ಬರುತ್ತಿತ್ತು. ಸತ್ಯವು ಒಂದೇ ಇತ್ತು, ಅದನ್ನು ನಾನು ಕಂಡಿದ್ದೆನು, ಕಂಡೂ ನನ್ನ ಸಲುವಾಗಿ ತುಸು ತಿದ್ದಿದೆನು ಎಂಬುದನ್ನು ಅದು ಕಲಿಸಿತು. ಸಾಹಿತ್ಯದ ಅಧ್ಯಾಪಕರು ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ, "ಇವರಲ್ಲಿ ಯಾರು ಹೇಳಿದುದು ನಿಜ?" ಎಂದು ಕೇಳಿ ನಿಲ್ಲದೆ, "ಇವರ ಜಾಗದಲ್ಲಿ ನೀವು ಯಾವ ಮಾತನ್ನು ಸೇರಿಸುತ್ತಿದ್ದಿರಿ?" ಎಂದೂ ಕೇಳುವರಾದರೆ, ಈ ಲೇಖನದ ಶ್ರಮವು ಸಾರ್ಥಕವೆಂದು ಭಾವಿಸುವೆನು.